ಯಾವ ಹಾಡಿಗೆ ಯಾವ ಬ್ಯಾಂಜೋ?

ಕಳೆದ ವರ್ಷ ಜೂನ್ ಕೊನೆ. ಮಳೆ ಹಿಡಿದು ವಾರವಾಗಿತ್ತು. ತೀರ್ಥಹಳ್ಳಿಯ ನನ್ನ ಅಂಗಡಿಗೆ ಕಾಲೇಜು ಹುಡುಗನೊಬ್ಬ ಬಂದ. ಕೊಡೆ ಮಡಚಿ ಬಾಗಿಲ ಮೂಲೆಗೆ ಒರಗಿಸಿ, ಮೊಬೈಲ್ ಮುಂದೆ ಹಿಡಿದ.

"ಅಕ್ಕಾ, ನಂಗೆ ಬ್ಯಾಂಜೋ ಬೇಕು. ಶಿವಮೊಗ್ಗದಲ್ಲಿ ಕೇಳಿದ್ರೆ ಇದನ್ನ ತೋರಿಸ್ತಾರೆ. ಇದಲ್ಲ ಅಲ್ದಾ?"

ಫೋಟೋದಲ್ಲಿದ್ದದ್ದು ಟೈಪ್‌ರೈಟರಿನ ಹಾಗೆ ಕೀಲಿಗಳಿರುವ ಉದ್ದನೆಯ ಮರದ ಪೆಟ್ಟಿಗೆ. ಬುಲ್‌ಬುಲ್ ತರಂಗ್.

"ಇದೂ ಬ್ಯಾಂಜೋನೇ ಮಾರಾಯ. ನೀನು ಕೇಳ್ತಿರೋದು ಬೇರೆ ಬ್ಯಾಂಜೋ, ಅಷ್ಟೆ. ಮೊದ್ಲು ಹೇಳು, ನಿನ್ನ ಕಿವೀಲಿ ಯಾವ ಹಾಡು ಕೂತಿದೆ?"

ಬ್ಯಾಂಜೋ ಕೊಳ್ಳಬೇಕು ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಇದನ್ನೇ. ದುಡ್ಡು ಎಷ್ಟಿದೆ, ಯಾವ ಕಂಪನಿ ಬೇಕು ಅನ್ನುವುದೆಲ್ಲ ಆಮೇಲೆ. ಬ್ಯಾಂಜೋ ಅನ್ನುವುದು ಒಂದು ವಾದ್ಯವಲ್ಲ, ಒಂದು ಕುಟುಂಬ. ಅಣ್ಣ ತಮ್ಮಂದಿರ ಮುಖ ಒಂದೇ ಥರ ಇದ್ದರೂ ಒಬ್ಬ ಮಾಡುವ ಕೆಲಸ ಇನ್ನೊಬ್ಬನಿಗೆ ಬರುವುದಿಲ್ಲ. ಹಾಡು ಗೊತ್ತಾಗದೆ ಬ್ಯಾಂಜೋ ಕೊಂಡವರು ಆರು ತಿಂಗಳಲ್ಲಿ ಅದನ್ನು ಅಟ್ಟಕ್ಕೆ ಹಾಕುವುದನ್ನು ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಆ ಹುಡುಗನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕೀಲಿ ಬ್ಯಾಂಜೋ

ಅಂಗಡಿಯವರದ್ದು ತಪ್ಪಿಲ್ಲ. ನಮ್ಮ ಕಡೆ ತುಂಬಾ ಜನಕ್ಕೆ ಬ್ಯಾಂಜೋ ಅಂದರೆ ಬುಲ್‌ಬುಲ್ ತರಂಗ್. ಇದರ ಮೂಲ ಜಪಾನಿನಲ್ಲಿದೆ. 1912ರಲ್ಲಿ ನಗೋಯಾ ಊರಿನ ಗೋರೋ ಮೊರಿಟಾ ಎಂಬವರು ತೈಶೋಗೊಟೊ ಅನ್ನುವ ವಾದ್ಯ ಮಾಡಿದರು. ಟೈಪ್‌ರೈಟರಿನ ಕೀಲಿಯನ್ನು ತಂತಿಯ ಮೇಲೆ ಕೂರಿಸಿದ ಹಾಗೆ ಅದು. ಅದೇ ನಮ್ಮ ದೇಶಕ್ಕೆ ಬಂದು ಬುಲ್‌ಬುಲ್ ತರಂಗ್ ಆಯಿತು. ಎಡಗೈ ಕೀಲಿ ಒತ್ತುತ್ತದೆ, ಬಲಗೈ ಪ್ಲೆಕ್ಟ್ರಮ್ ಹಿಡಿದು ತಂತಿ ಮೀಟುತ್ತದೆ. ಹಾರ್ಮೋನಿಯಂ ಬೆರಳು ಗೊತ್ತಿದ್ದವರಿಗೆ ಬೇಗ ಕೈಗೆ ಹತ್ತುತ್ತದೆ. ಭಜನೆಗೆ, ಹಳೆಯ ಸಿನಿಮಾ ಹಾಡಿಗೆ, ಗಣಪತಿ ಮೆರವಣಿಗೆಗೆ ಇದು ಹೇಳಿ ಮಾಡಿಸಿದ್ದು. ನಿಮ್ಮ ಕಿವಿಯಲ್ಲಿ ಕೂತಿರುವುದು ಆ ಸದ್ದೇ ಆದರೆ ಇಲ್ಲಿಗೇ ನಿಲ್ಲಿಸಿ, ಅದನ್ನೇ ತಗೊಳ್ಳಿ. ಒಳ್ಳೆಯ ವಾದ್ಯ.

ಆದರೆ ಅದರಲ್ಲಿ ಚರ್ಮ ಇಲ್ಲ. ಮುಂದೆ ಹೇಳಲಿಕ್ಕಿರುವ ಬ್ಯಾಂಜೋಗಳ ಗುಟ್ಟೆಲ್ಲ ಇರುವುದು ಚರ್ಮದಲ್ಲೇ.

ಚರ್ಮ ಏನು ಮಾಡುತ್ತದೆ

ನಮ್ಮಪ್ಪ ಯಕ್ಷಗಾನಕ್ಕೆ ಮದ್ದಲೆ ನುಡಿಸುತ್ತಿದ್ದರು. ಬಾಯಿಗೆ ಬಿಗಿಯುವ ಚರ್ಮದ ಮುಚ್ಚಿಗೆ ಹಾಕುವುದು, ಬಾರು ಎಳೆಯುವುದು, ಎಲ್ಲ ಅವರೇ. ನಾನು ಆ ಜಗಲಿಯಲ್ಲಿ ಕೂತು ಕೆಲಸ ಕಲಿತವಳು. ಹನ್ನೆರಡು ವರ್ಷದ ಹಿಂದೆ ಮೊದಲ ಸಲ ಒಂದು ಬ್ಯಾಂಜೋ ರಿಪೇರಿಗೆ ಬಂದಾಗ ಅಪ್ಪ ಅದನ್ನು ತಿರುಗಿಸಿ ನೋಡಿದರು. ಮುಚ್ಚಿಗೆಯ ಮೇಲೆ ಬೆರಳಲ್ಲಿ ಒಮ್ಮೆ ತಟ್ಟಿದರು. "ಇದು ಮದ್ದಲೆಗೆ ತಂತಿ ಕಟ್ಟಿದ್ದಲ್ವನೇ" ಅಂದರು. ಅದಕ್ಕಿಂತ ಸರಿಯಾಗಿ ನಾನು ಇವತ್ತಿಗೂ ಹೇಳಲಾರೆ.

ಗಿಟಾರಿನ ಮುಖ ಮರದ ಹಲಗೆ. ವೀಣೆಯದೂ ಮರವೇ. ತಂತಿ ಮೀಟಿದರೆ ಹಲಗೆ ನಿಧಾನವಾಗಿ ಶಕ್ತಿ ಕುಡಿಯುತ್ತದೆ, ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ. ಬ್ಯಾಂಜೋದಲ್ಲಿ ತಂತಿಗಳನ್ನು ಹೊರುವ ತೆಳ್ಳಗಿನ ಮರದ ಚೂರು, ಅಂದರೆ ಕುದುರೆ, ಬಿಗಿದ ಚರ್ಮದ ಮೇಲೆ ನಿಂತಿರುತ್ತದೆ. ತಂತಿಯ ಶಕ್ತಿಯೆಲ್ಲ ಒಂದೇ ಏಟಿಗೆ ಚರ್ಮಕ್ಕೆ ಇಳಿಯುತ್ತದೆ. ಸದ್ದು ಜೋರಾಗಿ ಚಿಮ್ಮುತ್ತದೆ, ತಕ್ಷಣ ಆರಿಹೋಗುತ್ತದೆ.

ಹಾಗಾಗಿ ಬ್ಯಾಂಜೋದಲ್ಲಿ ಸ್ವರ ನಿಲ್ಲಿಸಿ ಆಲಾಪ ಮಾಡಲು ಹೋಗಬೇಡಿ. ಎರಡು ಸ್ವರದ ನಡುವೆ ಉಳಿಯುವ ಆ ಖಾಲಿ ಜಾಗವನ್ನು ತುಂಬುವುದು ಹೇಗೆ ಅನ್ನುವುದೇ ಇಡೀ ಪ್ರಶ್ನೆ. ಒಂದೊಂದು ಬ್ಯಾಂಜೋ, ಅದರ ಜೊತೆಗಿನ ಒಂದೊಂದು ಸಂಗೀತ, ಈ ಪ್ರಶ್ನೆಗೆ ಕೊಟ್ಟ ಒಂದೊಂದು ಉತ್ತರ. ಇಷ್ಟು ತಲೆಯಲ್ಲಿಟ್ಟುಕೊಂಡರೆ ಮುಂದಿನದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಐದು ತಂತಿಯದು: ಅಣ್ಣ ಇವನೇ

ಐದು ತಂತಿಯ ಬ್ಯಾಂಜೋವನ್ನು ಮೊದಲ ಸಲ ನೋಡಿದವರು ಇದರಲ್ಲಿ ಒಂದು ಬಿರಡೆ ತಪ್ಪಿ ದಾರಿಯಲ್ಲಿ ಕೂತಿದೆ ಅಂದುಕೊಳ್ಳುತ್ತಾರೆ. ನಾಲ್ಕು ಬಿರಡೆ ಮೇಲೆ, ಒಂದು ಮಾತ್ರ ಐದನೇ ಫ್ರೆಟ್, ಅಂದರೆ ದಂಡಿಯ ಮೇಲಿನ ಐದನೇ ಮೆಟ್ಟಿಲಿನ, ಹತ್ತಿರ ಪಕ್ಕದಲ್ಲಿ. ಆ ಗಿಡ್ಡ ತಂತಿ ನಿಮ್ಮ ಮುಖದ ಕಡೆಗೆ, ಎಲ್ಲಕ್ಕಿಂತ ಮೇಲೆ ಇರುತ್ತದೆ. ಆದರೆ ಸ್ವರ ಎಲ್ಲಕ್ಕಿಂತ ತಾರ. ಅದನ್ನು ಎಡಗೈ ಸಾಮಾನ್ಯವಾಗಿ ಒತ್ತುವುದೇ ಇಲ್ಲ. ಹೆಬ್ಬೆರಳು ಸುಮ್ನೆ ಮೀಟುತ್ತಾ ಇರುತ್ತದೆ. ಅದು ಶ್ರುತಿ ತಂತಿ. ನಮ್ಮ ತಂಬೂರಿ ಮಾಡುವ ಕೆಲಸವನ್ನೇ ಇದು ತಾಳದ ಒಳಗೆ ನಿಂತು ಮಾಡುತ್ತದೆ.

ಇದು ಅಮೆರಿಕದವರ ಕಲ್ಪನೆಯಲ್ಲ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹೊತ್ತೊಯ್ದ ಜನರು ಈ ವಾದ್ಯದ ನೆನಪನ್ನು ಕೈಯಲ್ಲಿ ಒಯ್ದರು. ಸೆನೆಗಲ್, ಗ್ಯಾಂಬಿಯಾದ ಜೋಲಾ ಜನರ ಅಕೊಂಟಿಂಗ್ ಇವತ್ತೂ ಇದೆ. ಸೋರೆ ಬುರುಡೆ, ಮೇಲೆ ಚರ್ಮ, ಕೋಲಿನ ದಂಡಿ, ಮೂರು ತಂತಿ. ಅದರಲ್ಲೂ ಒಂದು ಗಿಡ್ಡ ತಂತಿ, ಅದನ್ನೂ ಮೀಟುವುದು ಹೆಬ್ಬೆರಳೇ. 1687ರಲ್ಲಿ ಜಮೈಕಾಕ್ಕೆ ಹೋದ ಹಾನ್ಸ್ ಸ್ಲೋನ್ ಎಂಬ ವೈದ್ಯರು ಅಲ್ಲಿನ ಗುಲಾಮರ ಕೈಯಲ್ಲಿ ಇಂಥ ವಾದ್ಯ ನೋಡಿ, 1707ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಅದರ ಚಿತ್ರ ಹಾಕಿಸಿದರು. ನಮ್ಮ ಜೋಗಿಗಳ ಕಿನ್ನರಿಯಲ್ಲೂ ಸೋರೆ ಬುರುಡೆ ಉಂಟಲ್ಲ, ಅದು ನೆನಪಾಗುತ್ತದೆ ನನಗೆ. ಮೈಮೇಲಿನ ಬಟ್ಟೆ ಬಿಟ್ಟು ಏನೂ ಇಲ್ಲದ ಜನ ಇಂಥದೊಂದನ್ನು ಉಳಿಸಿಕೊಂಡರು ಅನ್ನುವುದನ್ನು ಬ್ಯಾಂಜೋ ಹಿಡಿಯುವ ಪ್ರತಿಯೊಬ್ಬರೂ ತಿಳಿದಿರಬೇಕು ಅಂತ ನನ್ನ ಆಸೆ.

ಶ್ರುತಿ ಮಾಡುವುದು ನಮಗೆ ಕಷ್ಟವಲ್ಲ. ಸಾಮಾನ್ಯ ಶ್ರುತಿಗೆ ಓಪನ್ ಜಿ ಅನ್ನುತ್ತಾರೆ. ಷಡ್ಜವನ್ನು ಜಿಗೆ, ಅಂದರೆ ಹಾರ್ಮೋನಿಯಂನ ಬಿಳಿ ಐದಕ್ಕೆ ಇಟ್ಟುಕೊಳ್ಳಿ. ಕೆಳಗಿನಿಂದ ಎಣಿಸಿದರೆ ನಾಲ್ಕನೇ ತಂತಿ ಮಂದ್ರ ಪ, ಮೂರನೆಯದು ಸ, ಎರಡನೆಯದು ಅಂತರ ಗ, ಒಂದನೆಯದು ಪ. ಗಿಡ್ಡ ಐದನೆಯದು ತಾರ ಸ. ಏನೂ ಒತ್ತದೆ ಒಮ್ಮೆ ಸವರಿದರೆ ಸ-ಗ-ಪ ಒಟ್ಟಿಗೆ ಬರುತ್ತದೆ. ನಿಮ್ಮ ಹಾಡಿನಲ್ಲಿ ಸಾಧಾರಣ ಗಾಂಧಾರ ಇದ್ದರೆ ಈ ಎರಡನೇ ತಂತಿ ಅಡ್ಡ ಬರುತ್ತದೆ. ಆಗ ಅದನ್ನು ಅರ್ಧ ಸ್ವರ ಏರಿಸಿ ಮಧ್ಯಮಕ್ಕೆ ತನ್ನಿ. ಗಾಂಧಾರವನ್ನು ಬೆರಳಲ್ಲಿ ನೀವೇ ಒತ್ತಿಕೊಳ್ಳಿ. ಖರಹರಪ್ರಿಯದ ಬಣ್ಣದ ಜನಪದ ಧಾಟಿಗಳಿಗೆ ನಾನು ಹೀಗೇ ಮಾಡುವುದು.

ಈ ಐದು ತಂತಿಯವನು ಎರಡು ವೇಷದಲ್ಲಿ ಬರುತ್ತಾನೆ. ಇಲ್ಲಿ ತಪ್ಪು ಆರಿಸುವವರೇ ಜಾಸ್ತಿ. ಅದಕ್ಕೆ ಸ್ವಲ್ಪ ನಿಂತು ನೋಡೋಣ.

ಒಂದು, ಹಿಂಬದಿ ತೆರೆದದ್ದು. ಓಪನ್ ಬ್ಯಾಕ್. ಮುಚ್ಚಿಗೆಯ ಹಿಂದೆ ಏನೂ ಇಲ್ಲ, ಹೊಟ್ಟೆಗೆ ತಾಗಿಸಿ ನುಡಿಸುವುದು. ತೂಕ ಎರಡೂವರೆ ಕಿಲೋ ಆಸುಪಾಸು. ಸದ್ದು ಮೆತ್ತಗೆ, ಸ್ವಲ್ಪ ಮಣ್ಣಿನ ಮಡಕೆಯ ಗುಣ. ಇದಕ್ಕೆ ಹೊಂದುವ ಕೈ ಕ್ಲಾಹ್ಯಾಮರ್. ಬಾಗಿಲು ತಟ್ಟುವಾಗ ಕೈ ಹೇಗೆ ಮಡಚಿರುತ್ತದೆ, ಹಾಗೇ ಇಟ್ಟುಕೊಳ್ಳಿ. ಬೆರಳು ತಂತಿಯನ್ನು ಮೇಲಕ್ಕೆ ಎಳೆಯುವುದಿಲ್ಲ, ಉಗುರಿನ ಬೆನ್ನು ಕೆಳಕ್ಕೆ ಹೊಡೆಯುತ್ತದೆ. ಮೊದಲು ತೋರುಬೆರಳ ಉಗುರು ಒಂದು ತಂತಿಯ ಮೇಲೆ ಹಾಡಿನ ಸ್ವರ ಹೊಡೆಯುತ್ತದೆ. ಆಮೇಲೆ ಅದೇ ಕೈ ಎಲ್ಲ ತಂತಿಯನ್ನು ಕೆಳಕ್ಕೆ ಸವರುತ್ತದೆ. ಸವರುವಾಗಲೇ ಹೆಬ್ಬೆರಳು ಐದನೇ ತಂತಿಯ ಮೇಲೆ ಬಂದು ಕೂತಿರುತ್ತದೆ. ಕೈ ಏಳುವಾಗ ಅದು ತಂತಿ ಬಿಟ್ಟು ಹೊರಡುತ್ತದೆ. ಬಾಯಲ್ಲಿ ಹೇಳುವುದಾದರೆ "ಧೀಂ ತಕ, ಧೀಂ ತಕ". ಧೀಂ ಹಾಡಿನ ಸ್ವರ, ತ ಸವರಿದ್ದು, ಕ ಹೆಬ್ಬೆರಳು. ಮಣಿಕಟ್ಟು ಸಡಿಲ ಇರಲಿ, ನೀರು ಕೊಡವಿದ ಹಾಗೆ. ಮೊದಲ ಎರಡು ವಾರ ಎಡಗೈ ಮುಟ್ಟಲೇಬೇಡಿ. ಬರೀ ಈ ಮೂರು ಏಟು, ದಿನಾ ಕಾಲು ಗಂಟೆ.

ಇಲ್ಲಿ ಖಾಲಿ ಜಾಗ ತುಂಬುವುದು ಶ್ರುತಿ ತಂತಿ ಮತ್ತು ತಾಳ. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಹಳೆಯ ಕುಣಿತದ ಸಂಗೀತಕ್ಕೆ ಓಲ್ಡ್ ಟೈಮ್ ಅನ್ನುತ್ತಾರೆ. ಅದಕ್ಕೆ ಈ ಕೈ. ಒಬ್ಬರೇ ಕೂತು ಹಾಡುತ್ತಾ ನುಡಿಸುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ನಮ್ಮ ಕೋಲಾಟದ ಪದ, ಸೋಬಾನೆಯ ಧಾಟಿ, ತತ್ವಪದ, ಇವೆಲ್ಲ ಈ ಕೈಗೆ ಎಷ್ಟು ಚೆನ್ನಾಗಿ ಒಗ್ಗುತ್ತವೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಎರಡನೆಯದು, ಹಿಂದೆ ಮರದ ತಟ್ಟೆ ಇರುವುದು. ರೆಸೊನೇಟರ್. ಹಿಂದಕ್ಕೆ ಹೋಗುವ ಸದ್ದನ್ನು ತಟ್ಟೆ ತಡೆದು ಮುಂದಕ್ಕೆ ಎಸೆಯುತ್ತದೆ. ಒಳ್ಳೆಯದರಲ್ಲಿ ಮುಚ್ಚಿಗೆಯ ಕೆಳಗೆ ಲೋಹದ ದಪ್ಪ ಬಳೆಯೂ ಇರುತ್ತದೆ. ಅದು ಸದ್ದಿಗೆ ಗಂಟೆಯ ಹೊಳಪು ಕೊಡುತ್ತದೆ. ತೂಕ ನಾಲ್ಕೂವರೆಯಿಂದ ಐದು ಕಿಲೋ ದಾಟಬಹುದು. ನಿಂತು ನುಡಿಸುವವರು ಅಗಲದ ಪಟ್ಟಿ ಹಾಕಿಕೊಳ್ಳಿ, ಇಲ್ಲದಿದ್ದರೆ ಹೆಗಲು ಹೋಗುತ್ತದೆ.

ಇದು ಬ್ಲೂಗ್ರಾಸ್ ಅನ್ನುವ ಅಮೆರಿಕದ ತಂತಿವಾದ್ಯಗಳ ಸಂಗೀತದ ಬ್ಯಾಂಜೋ. ನಾರ್ತ್ ಕೆರೊಲಿನಾದ ಅರ್ಲ್ ಸ್ಕ್ರಗ್ಸ್ 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ಅವರ ತಂಡಕ್ಕೆ ಸೇರಿದ ಮೇಲೆ ಮೂರು ಬೆರಳಿನ ಈ ಶೈಲಿ ಲೋಕಕ್ಕೇ ಗೊತ್ತಾಯಿತು. ಹೆಬ್ಬೆರಳಿಗೆ ಪ್ಲಾಸ್ಟಿಕ್ ನಖ, ತೋರು ಮತ್ತು ಮಧ್ಯದ ಬೆರಳಿಗೆ ಲೋಹದ ನಖ. ಸ್ವರಗಳು ಮಳೆಹನಿಯ ಹಾಗೆ ಒಂದರ ಹಿಂದೆ ಒಂದು ಬೀಳುತ್ತಲೇ ಇರುತ್ತವೆ. ಖಾಲಿ ಜಾಗ ಅನ್ನುವುದೇ ಉಳಿಯುವುದಿಲ್ಲ.

ಇದರ ಮೊದಲ ಪಾಠಕ್ಕೆ ಫಾರ್ವರ್ಡ್ ರೋಲ್ ಅನ್ನುತ್ತಾರೆ. ಎಂಟು ಸ್ವರ. ಪುಸ್ತಕದಲ್ಲಿ ಅಂಕಿ ನೋಡಿ ಕಲಿಯುವವರು ಒದ್ದಾಡುತ್ತಾರೆ. ನಮಗೆ ಅದು ಬೇಡ. ಬಾಯಲ್ಲಿ "ತಕಿಟ ತಕಿಟ ತಕ" ಹೇಳಿ. ಮೂರು, ಮೂರು, ಎರಡು. ಎಂಟಾಯಿತಲ್ವಾ? ಮೊದಲ ತಕಿಟಕ್ಕೆ ಹೆಬ್ಬೆರಳು ಮೂರನೇ ತಂತಿ, ತೋರು ಎರಡನೆಯದು, ಮಧ್ಯ ಒಂದನೆಯದು. ಎರಡನೇ ತಕಿಟಕ್ಕೆ ಹೆಬ್ಬೆರಳು ಮಾತ್ರ ಐದನೆಯದಕ್ಕೆ ಹಾರಲಿ, ಉಳಿದೆರಡು ಅಲ್ಲೇ. ಕೊನೆಯ ತಕಕ್ಕೆ ಹೆಬ್ಬೆರಳು ಐದು, ಮಧ್ಯ ಒಂದು. ಎಂಟೂ ಸ್ವರದ ಕಾಲ ಸಮ ಇರಬೇಕು. ಪೆಟ್ಟು ಮಾತ್ರ ಪ್ರತಿ "ತ" ಮೇಲೆ. ನನ್ನ ಹತ್ತಿರ ಬರುವ ಮೃದಂಗದ ಮಕ್ಕಳು ಇದನ್ನು ಒಂದೇ ಸಂಜೆಯಲ್ಲಿ ಹಿಡಿಯುತ್ತಾರೆ. ಗಿಟಾರಿನಿಂದ ಬಂದವರಿಗೆ ವಾರ ಬೇಕು.

ಇದು ತಂಡದ ವಾದ್ಯ. ಪಿಟೀಲು, ಮ್ಯಾಂಡೊಲಿನ್, ಗಿಟಾರ್ ಎಲ್ಲದರ ನಡುವೆ ತನ್ನ ಸದ್ದು ಕೇಳಿಸುವ ಹಾಗೆ ಬೆಳೆದದ್ದು. ಮನೆಯಲ್ಲಿ ಒಬ್ಬರೇ ಮೆಲ್ಲಗೆ ಹಾಡಿಕೊಳ್ಳುವ ಆಸೆ ಇರುವವರು ಇದನ್ನು ಕೊಂಡರೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಇದೇ ಐದು ತಂತಿಯನ್ನು ಬೇಲಾ ಫ್ಲೆಕ್ ಎಲ್ಲೆಲ್ಲಿಗೋ ಒಯ್ದಿದ್ದಾರೆ. ಜಾಕಿರ್ ಹುಸೇನರ ತಬಲಾ, ರಾಕೇಶ್ ಚೌರಾಸಿಯಾ ಅವರ ಕೊಳಲು, ಎಡ್ಗರ್ ಮೇಯರ್ ಅವರ ಬಾಸ್ ಜೊತೆ ಅವರು ಮಾಡಿದ ಆಲ್ಬಂ 2023ರಲ್ಲಿ ಬಂತು. ತಬಲಾದ ಮಾತಿಗೆ ಬ್ಯಾಂಜೋ ಹೇಗೆ ಉತ್ತರ ಕೊಡುತ್ತದೆ ಅನ್ನುವುದನ್ನು ಕಣ್ಣುಮುಚ್ಚಿ ಕೂತು ಒಮ್ಮೆ ಕೇಳಿ.

ಉದ್ದ ದಂಡಿಯ ಇನ್ನೊಂದು ಐದು ತಂತಿಯದಿದೆ. ಹಾಡುಗಾರ ಪೀಟ್ ಸೀಗರ್ ತಮ್ಮ ಕಂಠಕ್ಕೆ ತಗ್ಗಿನ ಶ್ರುತಿ ಬೇಕು ಅಂತ ದಂಡಿಯನ್ನು ಮೂರು ಫ್ರೆಟ್ ಉದ್ದ ಮಾಡಿಸಿದರು. ಒಟ್ಟು 25 ಫ್ರೆಟ್. ಹಾಡುವ ಗಂಡಸರಿಗೆ ಚೆನ್ನ. ಆದರೆ ಇಲ್ಲಿ ಸಿಗುವುದು ಕಷ್ಟ, ಮಾಮೂಲಿಯದರಲ್ಲೇ ತಂತಿ ಇಳಿಸಿಕೊಂಡರೆ ಸಾಕು.

ನಾಲ್ಕು ತಂತಿ: ಪಿಟೀಲಿನವರು ಈ ಕಡೆ ಬನ್ನಿ

ಟೆನರ್ ಬ್ಯಾಂಜೋಗೆ ಗಿಡ್ಡ ತಂತಿ ಇಲ್ಲ. ದಂಡಿಯೂ ಗಿಡ್ಡ, 17 ಅಥವಾ 19 ಫ್ರೆಟ್. ಪ್ಲೆಕ್ಟ್ರಮ್ ಹಿಡಿದು ನುಡಿಸುವುದು. ಇದರ ಒಂದು ಮನೆ ಜಾಝ್, ಇನ್ನೊಂದು ಮನೆ ಐರ್ಲೆಂಡ್.

1920ರ ದಶಕದ ಜಾಝ್ ತಂಡಗಳಲ್ಲಿ ಕಹಳೆಗಳ ಅಬ್ಬರ. ಮೈಕಿನ ಸೌಕರ್ಯ ಇಲ್ಲದ ಕಾಲ. ಗಿಟಾರ್ ನುಡಿಸಿದರೆ ಯಾರಿಗೂ ಕೇಳದು. ಬ್ಯಾಂಜೋ ಆ ಗದ್ದಲ ಸೀಳಿಕೊಂಡು ಬರುತ್ತಿತ್ತು. ಪ್ರತಿ ಮಾತ್ರೆಗೆ ಒಂದು ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಚಕ್ ಚಕ್ ಚಕ್ ಚಕ್. ಶ್ರುತಿ ಸಿ-ಜಿ-ಡಿ-ಎ. ಮೈಕು ಬಂದ ಮೇಲೆ 1930ರ ದಶಕದಲ್ಲಿ ಆ ಜಾಗಕ್ಕೆ ಗಿಟಾರ್ ಬಂತು.

ಐರಿಷ್ ಸಂಗೀತಕ್ಕೆ ಇದನ್ನು ಜಿ-ಡಿ-ಎ-ಇ ಶ್ರುತಿ ಮಾಡುತ್ತಾರೆ. ಪಾಶ್ಚಾತ್ಯ ಪಿಟೀಲಿನ ಶ್ರುತಿಯೇ, ಒಂದು ಸ್ಥಾಯಿ ಕೆಳಗೆ. ಡಬ್ಲಿನರ್ಸ್ ತಂಡದ ಬಾರ್ನಿ ಮೆಕೆನ್ನಾ ಇದನ್ನು ಹಾಗೆ ನುಡಿಸಿ ಊರೂರಿಗೂ ಹಬ್ಬಿಸಿದರು. ಮ್ಯಾಂಡೊಲಿನ್ ಬರುವವರಿಗೆ ಎಡಗೈ ಆಗಲೇ ತಯಾರಿರುತ್ತದೆ. ಜಿಗ್ ಅನ್ನುವ ಕುಣಿತದ ಹಾಡುಗಳು ತಿಶ್ರದಲ್ಲಿರುತ್ತವೆ. ಪ್ಲೆಕ್ಟ್ರಮ್ ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ. ಇಲ್ಲಿ ಖಾಲಿ ತುಂಬುವುದು ಪ್ಲೆಕ್ಟ್ರಮ್‌ನ ಚುರುಕು. ಒಂದು ಸ್ವರದ ಜಾಗದಲ್ಲಿ ಮೂರು ಸಣ್ಣ ಏಟು ಉದುರಿಸುತ್ತಾರೆ.

ಕರ್ನಾಟಕ ಸಂಗೀತದ ಪಿಟೀಲು ಕಲಿತವರಿಗೆ ಒಂದು ಮಾತು. ನಮ್ಮದು ಸ-ಪ-ಸ-ಪ. ಜಿ-ಡಿ-ಎ-ಇ ಅಂದರೆ ಸ-ಪ-ರಿ-ಧ ಆಗುತ್ತದೆ, ಬೆರಳು ಗೊಂದಲಕ್ಕೆ ಬೀಳುತ್ತದೆ. ಕೊಪ್ಪದಿಂದ ಬರುವ ಒಬ್ಬಳು ಪಿಟೀಲು ಹುಡುಗಿಗೆ ನಾನು ಮೇಲಿನೆರಡು ತಂತಿಯನ್ನು ಒಂದೊಂದು ಸ್ವರ ಇಳಿಸಿ ಜಿ-ಡಿ-ಜಿ-ಡಿ ಮಾಡಿಕೊಟ್ಟೆ. ಅವಳು ಅಲ್ಲೇ ಕೂತು ಸರಳೆ ವರಸೆ ಶುರುಮಾಡಿದಳು. ಹಂಸಧ್ವನಿ ಚೆನ್ನಾಗಿ ಬರುತ್ತದೆ, ಮೋಹನ ಚೆನ್ನಾಗಿ ಬರುತ್ತದೆ. ತೋಡಿ ಬರುವುದಿಲ್ಲ. ಗಮಕಕ್ಕೆ ಸ್ವರ ನಿಲ್ಲಬೇಕು, ಇಲ್ಲಿ ಅದು ನಿಲ್ಲುವುದಿಲ್ಲ.

ಪ್ಲೆಕ್ಟ್ರಮ್ ಬ್ಯಾಂಜೋ ಅಂತಲೇ ಹೆಸರಿರುವ ಇನ್ನೊಂದಿದೆ. ಐದು ತಂತಿಯದರ ಉದ್ದ ದಂಡಿ, ಗಿಡ್ಡ ತಂತಿ ಮಾತ್ರ ಇಲ್ಲ. ಹಳೆಯ ಜಾಝ್ ಹಾಡುಗಳನ್ನು ಕಾರ್ಡ್ ಸಮೇತ ಒಬ್ಬರೇ ನುಡಿಸಲಿಕ್ಕೆ. ಆ ಸಂಗೀತದ ಹುಚ್ಚು ಇಲ್ಲದಿದ್ದರೆ ಬೇಡ.

ಗಿಟಾರಿನವರಿಗೆ, ಮಕ್ಕಳಿಗೆ

ಆರು ತಂತಿಯ ಬ್ಯಾಂಜೋ ಅಂದರೆ ಗಿಟಾರಿಗೆ ಬ್ಯಾಂಜೋ ಮೈ. ಶ್ರುತಿ, ಕಾರ್ಡ್ ಎಲ್ಲ ಗಿಟಾರಿನದೇ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ತಂಡದಲ್ಲಿ ಜಾನಿ ಸೇಂಟ್ ಸಿರ್ ನುಡಿಸಿದ್ದು ಇಂಥದ್ದು. ಜಾಂಗೋ ರೈನ್‌ಹಾರ್ಟ್ ಹುಡುಗನಾಗಿದ್ದಾಗ ಕಲಿತದ್ದೂ ಇದರಲ್ಲೇ. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರಿಗೆ ಎರಡು ಹಾಡಿಗೆ ಬ್ಯಾಂಜೋ ಸದ್ದು ಬೇಕು ಅಂದರೆ ಇದು ಸರಿ. ಆದರೆ ಬ್ಲೂಗ್ರಾಸ್ ಇದರಲ್ಲಿ ಬರುವುದಿಲ್ಲ. ಶ್ರುತಿ ತಂತಿಯೇ ಇಲ್ಲವಲ್ಲ.

ಬ್ಯಾಂಜೊಲೆಲೆ ಯುಕುಲೆಲೆ ಗಾತ್ರದ್ದು. ನಾಲ್ಕು ನೈಲಾನ್ ತಂತಿ. ಇಂಗ್ಲೆಂಡಿನ ಜಾರ್ಜ್ ಫಾರ್ಮ್‌ಬಿ ಇದನ್ನು ಹಿಡಿದು ಹಾಡಿ ಜನರನ್ನು ನಗಿಸಿದವರು. ಎಂಟು ಹತ್ತು ವರ್ಷದ ಮಕ್ಕಳ ಬೆರಳಿಗೆ ನೋವಾಗುವುದಿಲ್ಲ. ನನ್ನ ತಂಗಿಯ ಮಗಳು ಇದರಲ್ಲೇ ಶುರುಮಾಡಿದ್ದು. ಈಗ "ದೊಡ್ಡಮ್ಮಾ, ನಂಗೆ ಐದು ತಂತಿದು ಕೊಡು" ಅಂತ ಬೆನ್ನು ಬಿದ್ದಿದ್ದಾಳೆ.

ನಮ್ಮ ಮಳೆಗೆ

ಇದು ಹೊರಗಿನ ಪುಸ್ತಕಗಳಲ್ಲಿ ಸಿಗದ ಭಾಗ. ಆಗುಂಬೆ ನಮ್ಮದೇ ತಾಲ್ಲೂಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನ ಡಬ್ಬಿಯೂ ನೀರೂರುವ ಊರಲ್ಲಿ ಚರ್ಮದ ವಾದ್ಯ ಸಾಕಬೇಕು.

ನನ್ನ ಮೊದಲ ಬ್ಯಾಂಜೋದಲ್ಲಿ ಕರುವಿನ ಚರ್ಮದ ಮುಚ್ಚಿಗೆ ಇತ್ತು. ಅದರ ಸದ್ದು ನನಗೆ ಪ್ರಾಣ. ಜುಲೈನಲ್ಲಿ ಚರ್ಮ ನೀರು ಕುಡಿದು ಸಡಿಲವಾಯಿತು. ಕುದುರೆ ಕೆಳಗೆ ಕುಸಿದು ತಂತಿಗಳು ಫ್ರೆಟ್‌ಗೆ ತಾಗತೊಡಗಿದವು. ಮುಚ್ಚಿಗೆಯನ್ನು ಸುತ್ತಲೂ ಎಳೆದು ಹಿಡಿಯುವ ಕೊಕ್ಕೆಗಳನ್ನು ನಾನು ಬಿಗಿದೆ. ಮರುವಾರ ಮತ್ತೆ ಬಿಗಿದೆ. ಮಳೆ ಮುಗಿಯಿತು, ನಾನು ಸಡಿಲ ಮಾಡುವುದನ್ನು ಮರೆತೆ. ಡಿಸೆಂಬರಿನ ಒಣ ಗಾಳಿ ಬೀಸಿದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದೆ. ಒಳಕೋಣೆಯಲ್ಲಿ ತೆಂಗಿನಕಾಯಿ ಒಡೆದ ಹಾಗೆ ಸದ್ದು. ಹೋಗಿ ನೋಡಿದರೆ ಮುಚ್ಚಿಗೆ ಈ ಅಂಚಿನಿಂದ ಆ ಅಂಚಿಗೆ ಸೀಳಿಹೋಗಿತ್ತು. ಅಪ್ಪ ಏನೂ ಬೈಯಲಿಲ್ಲ. ಸೀಳಿನ ಮೇಲೆ ಕೈಯಾಡಿಸಿ, "ಮಳೆಗಾಲದಲ್ಲಿ ಬಿಗಿದದ್ದನ್ನ ಚಳಿಗಾಲಕ್ಕೆ ಬಿಡಬೇಕು ಮಗಾ" ಅಂದರು. ಮದ್ದಲೆಯಲ್ಲಿ ಅವರು ಜೀವಮಾನ ಮಾಡಿದ್ದು ಅದನ್ನೇ.

ಹಾಗಾಗಿ ಮಲೆನಾಡಿನಲ್ಲಿ ಮೊದಲ ಬ್ಯಾಂಜೋ ಕೊಳ್ಳುವವರು ಪ್ಲಾಸ್ಟಿಕ್ ಮುಚ್ಚಿಗೆಯದನ್ನೇ ತಗೊಳ್ಳಿ. ಮೈಲಾರ್ ಅನ್ನುವ ಈ ಹಾಳೆ 1950ರ ದಶಕದ ಕೊನೆಯಲ್ಲಿ ಡ್ರಮ್‌ಗಳಿಗೆ ಬಂದದ್ದು, ಅಲ್ಲಿಂದ ಬ್ಯಾಂಜೋಗೆ ಹತ್ತಿತು. ಮಳೆಗೆ ಜಗ್ಗುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಬ್ಯಾಂಜೋಗಳು ಇದರಲ್ಲೇ ಬರುತ್ತವೆ. ಮಾಮೂಲಿ ಅಳತೆ 11 ಇಂಚು.

ಬಿಗಿಯುವಾಗ ಒಂದೇ ಕಡೆಯಿಂದ ಸಾಲಾಗಿ ಹೋಗಬೇಡಿ. ಜೀಪಿನ ಚಕ್ರದ ನಟ್ ಬಿಗಿದ ಹಾಗೆ ಎದುರು-ಬದುರು ಹೋಗಿ. ಒಂದು ಕೊಕ್ಕೆಗೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಪ್ರತಿ ಕೊಕ್ಕೆಯ ಹತ್ತಿರ ಬೆರಳಲ್ಲಿ ತಟ್ಟಿ ಕೇಳಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು. ಮದ್ದಲೆ ಕಿವಿ ಇದ್ದವರಿಗೆ ಇದು ಹೇಳಬೇಕಾಗಿಲ್ಲ.

ಉಳಿದಂತೆ: ನುಡಿಸಿದ ಮೇಲೆ ತಂತಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲಿ ಅವು ವಾರದಲ್ಲಿ ತುಕ್ಕು ಹಿಡಿಯುತ್ತವೆ. ಕೊಕ್ಕೆಗಳಿಗೆ ವರ್ಷಕ್ಕೆರಡು ಸಲ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ತೊಟ್ಟು. ಮುಚ್ಚಿಗೆಗೆ ಯಾವ ಎಣ್ಣೆಯೂ ಬೇಡ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ದಂಡಿ ಬಾಗುತ್ತದೆ.

ಕೈಗೆ ಬಂದ ದಿನ

ಪೆಟ್ಟಿಗೆ ಬಿಚ್ಚಿದಾಗ ಕುದುರೆ ಬಿದ್ದಿರುತ್ತದೆ. ಹೆದರಬೇಡಿ, ಅದನ್ನು ಅಂಟಿಸಿರುವುದೇ ಇಲ್ಲ. ದಂಡಿಯ ಮೇಲ್ತುದಿಯಲ್ಲಿ ತಂತಿ ಕೂರುವ ಕಟ್ಟೆಯಿಂದ 12ನೇ ಫ್ರೆಟ್‌ಗೆ ಎಷ್ಟು ದೂರವೋ, 12ನೇ ಫ್ರೆಟ್‌ನಿಂದ ಕುದುರೆಗೂ ಅಷ್ಟೇ ದೂರ ಇರಬೇಕು. ಟೇಪಿನಲ್ಲಿ ಅಳೆದು ನಿಲ್ಲಿಸಿ. ಆಮೇಲೆ ತಂತಿಯನ್ನು ಖಾಲಿ ಮೀಟಿ, 12ನೇ ಫ್ರೆಟ್ ಒತ್ತಿ ಮೀಟಿ. ಎರಡೂ ಸ ಮತ್ತು ತಾರ ಸ ಆಗಿ ಕೂಡಬೇಕು. ಒತ್ತಿದ್ದು ಏರಿ ಕೇಳಿದರೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ, ಇಳಿದು ಕೇಳಿದರೆ ದಂಡಿಯ ಕಡೆಗೆ. ಜಾಗ ಸಿಕ್ಕಿದ ಮೇಲೆ ಕುದುರೆಯ ಕಾಲ ಬಳಿ ಪೆನ್ಸಿಲ್ ಗುರುತು ಹಾಕಿಡಿ.

ಬ್ಯಾಂಜೋ ತಂತಿ ನಮ್ಮ ಅಂಗಡಿಗಳಲ್ಲಿ ಸಿಗದೇ ಹೋದರೆ ಗಿಟಾರಿನ ಬಿಡಿ ತಂತಿ ತನ್ನಿ. ಐದು ತಂತಿಯದಕ್ಕೆ ಒಂದರಿಂದ ಐದರವರೆಗೆ 10, 12, 16, 23, 10 ಅಳತೆ ಸರಿಹೋಗುತ್ತದೆ. 23 ಸಿಗದಿದ್ದರೆ 24 ಆದೀತು. ಬ್ಯಾಂಜೋ ತಂತಿಯ ತುದಿ ಕುಣಿಕೆ, ಗಿಟಾರಿನದಕ್ಕೆ ಸಣ್ಣ ಗುಂಡು. ಆ ಗುಂಡನ್ನು ಮೊಳೆಯಿಂದ ಒತ್ತಿ ತೆಗೆದರೆ ಕುಣಿಕೆ ಉಳಿಯುತ್ತದೆ.

ಕೊಳ್ಳುವ ಮೊದಲು ಐದನೇ ತಂತಿಯ ಬಿರಡೆಯನ್ನು ತಿರುಗಿಸಿ ನೋಡಿ. ಒಳಗೆ ಹಲ್ಲುಚಕ್ರ ಇರುವುದು ಬೇಕು. ಬರೀ ಒತ್ತಿ ಕೂರಿಸಿದ್ದು ನಮ್ಮ ತೇವಕ್ಕೆ ಜಾರಿ, ಪದ ಮುಗಿಯುವ ಮೊದಲು ಶ್ರುತಿ ಬಿಡುತ್ತದೆ. ಎಡಗೈಯವರು ಎಡಗೈಯದನ್ನೇ ತರಿಸಬೇಕು. ಗಿಟಾರಿನ ಹಾಗೆ ತಂತಿ ತಿರುವಿ ಹಾಕಿದರೆ ಗಿಡ್ಡ ತಂತಿ ಕೆಳಗೆ ಹೋಗಿಬಿಡುತ್ತದೆ.

ಆ ಹುಡುಗನ ವಿಷಯ ಹೇಳುತ್ತಿದ್ದೆ. ಮೊಬೈಲಿನಲ್ಲಿ ಬ್ಲೂಗ್ರಾಸ್ ಕೇಳಿ ಅದೇ ಬೇಕು ಅಂದಿದ್ದ. ನಾನು ಮತ್ತೆ ಕೇಳಿದೆ, "ಯಾರ ಜೊತೆ ನುಡಿಸ್ತೀಯ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೇಲಿ ಅಜ್ಜ ಹಾಡ್ತಾರೆ" ಅಂದ. ಅಂಟಿಗೆ-ಪಂಟಿಗೆ ತಂಡದಲ್ಲಿ ಹಾಡುವ ಅಜ್ಜ. ಹಿಂಬದಿ ತೆರೆದದ್ದನ್ನು ತರಿಸಿಕೊಟ್ಟೆ. ಅದರ ಸದ್ದು ಇನ್ನೂ ಮೆತ್ತಗಾಗಲಿ ಅಂತ ಮುಚ್ಚಿಗೆಯ ಹಿಂದೆ, ಅಡ್ಡ ಹಾಯ್ದ ಕೋಲಿನ ಸಂದಿನಲ್ಲಿ ಹಳೆಯ ಬನಿಯನ್ ಮಡಚಿ ಇಟ್ಟೆವು.

ದೀಪಾವಳಿಯ ರಾತ್ರಿ ತಂಡ ದೀಪ ಹಿಡಿದು ನಮ್ಮ ಜಗಲಿಗೂ ಬಂತು. ದೀಪಕ್ಕೆ ಎಣ್ಣೆ ಹೊಯ್ದು ಕೂತೆ. ಹುಡುಗ ಅಜ್ಜನ ಪಕ್ಕದಲ್ಲಿದ್ದ. ಅಜ್ಜ ಎಳೆದ ದನಿ ಸಿ ಸ್ವರಕ್ಕಿಂತ ಒಂದು ಮೆಟ್ಟಿಲು ಮೇಲೆ, ಕಪ್ಪು ಒಂದರಲ್ಲಿ. ಬ್ಯಾಂಜೋ ಜಿಯಲ್ಲಿ. ಅವನು ಗಾಬರಿಯಾಗಲಿಲ್ಲ. ನಾಲ್ಕನೇ ತಂತಿಯನ್ನು ಡಿಯಿಂದ ಸಿಗೆ ಇಳಿಸಿದ, ಎರಡನೆಯದನ್ನು ಬಿಯಿಂದ ಸಿಗೆ ಏರಿಸಿದ. ಮೊದಲ ಫ್ರೆಟ್‌ಗೆ ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಕ್ಲಿಪ್ಪು, ಕ್ಯಾಪೊ, ಹಾಕಿದ. ಕ್ಯಾಪೊ ಗಿಡ್ಡ ತಂತಿಯನ್ನು ಹಿಡಿಯುವುದಿಲ್ಲ ಅಂತ ನೆನಪಿಟ್ಟುಕೊಂಡು, ಅದರ ಬಿರಡೆಯನ್ನು ಬೇರೆಯಾಗಿ ಅರ್ಧ ಸ್ವರ ತಿರುಗಿಸಿದ. ಈಗ ಅದು ಅಜ್ಜನ ಪಂಚಮ. ಅಜ್ಜ ಒಂದು ಸಾಲು ಹಾಡಿ ನಿಲ್ಲಿಸಿದರು, ಕಿವಿಗೊಟ್ಟರು, "ಹ್ಞೂಂ, ಸರಿ ಉಂಟು, ಹೊಡಿ" ಅಂದರು.

ಧೀಂ ತಕ, ಧೀಂ ತಕ. ಹೊರಗೆ ಇಬ್ಬನಿ ಬೀಳುತ್ತಿತ್ತು.